ತಂತಿ ಮೌಲಪ್ಪ ಕುಡಿದ ನೀರು

ಬಹಳ ಹಿಂದೆ, ಹೊಳೆಯ ದಂಡೆಗೆ ಕಡವಿನಾಳ ಅಂತ ಒಂದು ಊರು. ಎಷ್ಟು ಹಿಂದೆ ಅಂದರೆ, ಸುದ್ದಿ ಇನ್ನೂ ಕಾಲ ಮೇಲೆ ನಡೆದು ಬರುತ್ತಿದ್ದ ಕಾಲ. ಪೇಟೆಯ ತನಕ ಅದು ಕಂಬದಿಂದ ಕಂಬಕ್ಕೆ ತಂತಿಯೊಳಗೆ ಬರುತ್ತಿತ್ತು. ಪೇಟೆಯಿಂದ ಊರಿಗೆ ಮೌಲಪ್ಪನ ಚೀಲದಲ್ಲಿ ಬರುತ್ತಿತ್ತು. ಅದಕ್ಕೇ ಅವನು ತಂತಿ ಮೌಲಪ್ಪ.

ಕಂಬಕ್ಕೆ ಕಿವಿ ಹಚ್ಚಿದರೆ ಒಳಗೆ ಹೋಗುವ ಸುದ್ದಿ ಅವನಿಗೆ ಕೇಳುತ್ತಿತ್ತಂತೆ. ಕೂಸು ಹುಟ್ಟಿದ್ದಾದರೆ ಜೇನಿನ ಸದ್ದು. ಸಾವಾದರೆ ಖಾಲಿ ಕೊಡದೊಳಗೆ ಗಾಳಿ ಹೊಕ್ಕ ಸದ್ದು. ಅದನ್ನು ಕಂಡವರಿಲ್ಲ, ಕೇಳಿದವರಿಲ್ಲ. ಊರೆಲ್ಲ ಕಂಡಿದ್ದು ಅವನು ನೀರು ಕುಡಿಯುವುದನ್ನ.

ಸೂತಕದ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ, ಗೊತ್ತಲ್ಲ. ಮೌಲಪ್ಪ ಯಾರ ಮನೆಗೆ ತಂತಿ ತಂದರೂ ಮೊದಲು ಕಟ್ಟೆಯ ಮೇಲೆ ಕೂರುತ್ತಿದ್ದ. ಮನೆಯವರು ಒಂದು ಲೋಟ ನೀರು ತಂದು ಮುಂದಿಡುತ್ತಿದ್ದರು. ಅವನು ಎತ್ತಿ ಕುಡಿದರೆ ಒಳ್ಳೆಯ ಸುದ್ದಿ. ಕುಡಿಯದೆ ನೆಲ ನೋಡುತ್ತ ಕೂತರೆ, ಲಕೋಟೆ ಒಡೆಯುವ ಮೊದಲೇ ಅಳು ಏಳುತ್ತಿತ್ತು. ಬಾಯಿಂದ ಸಾವು ಅಂತ ಅವನು ಒಂದು ದಿನವೂ ಅಂದವನಲ್ಲ ಅಂತಾರೆ.

ಒಂದು ಬೇಸಿಗೆ, ಪೇಟೆಯ ತಂತಿ ಮಾಸ್ತರ ಅವನ ಕೈಗೆ ಒಂದು ಲಕೋಟೆ ಕೊಟ್ಟು, ದೂರದ ಗಿರಣಿಗೆ ಕೆಲಸಕ್ಕೆ ಹೋಗಿದ್ದ ಯಂಕೋಬ ತೀರಿಕೊಂಡ ಅಂತ ಹೇಳಿ ಕಳಿಸಿದ. ಯಂಕೋಬ ತಿಪ್ಪವ್ವನ ಒಬ್ಬನೇ ಮಗ. ಗಂಡ ಇಲ್ಲದ ಹೆಂಗಸು.

ಮೌಲಪ್ಪ ಹೋದಾಗ ತಿಪ್ಪವ್ವ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಬರುವ ತಿಂಗಳು ಮಗನ ಮದುವೆ.

"ಏನೋ ಮೌಲಣ್ಣ, ಈ ಬಿಸಿಲಾಗ ರುಮಾಲಿಲ್ಲದ ಬಂದೀಯಲ್ಲ, ತಲಿಯಾಗಿನ ಇದ್ದಷ್ಟು ಬುದ್ಧೀನೂ ಕುದ್ದು ಹೋದೀತು" ಅಂದು ನಕ್ಕಳು. ಸುಣ್ಣದ ಕೈ ತೊಳೆದುಕೊಂಡು ನೀರು ತಂದಿಟ್ಟಳು. ಜೊತೆಗೆ ಒಂದು ಚೂರು ಬೆಲ್ಲ.

ಓಣಿಯೆಲ್ಲ ಗೋಡೆಯ ಮೇಲಿಂದ ಆ ಲೋಟವನ್ನೇ ನೋಡುತ್ತಿತ್ತು. ಮೌಲಪ್ಪ ಹಸಿ ಸುಣ್ಣದ ಗೋಡೆ ನೋಡಿದ, ಆಕೆಯ ಮುಖ ನೋಡಿದ. ಕೈ ತಾನಾಗಿ ಲೋಟಕ್ಕೆ ಹೋಯಿತು. ಗಟಗಟ ಕುಡಿದುಬಿಟ್ಟ. ತಂತಿ ಏನೂ ಇಲ್ಲ, ಹಾದಿ ಮೇಲೆ ಹೊಂಟಿದ್ದೆ ಅಂದು ಎದ್ದ. ಲಕೋಟೆ ಚೀಲದಲ್ಲೇ ಉಳಿಯಿತು.

ಅದೇ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಯಂಕೋಬ ಊರಿಗೆ ಬಂದ ಅಂತಾರೆ.

ಬಂದ. ಓಣಿಯವರೆಲ್ಲ ಕಂಡರು. ನಾಯಿ ಬೊಗಳಲಿಲ್ಲ, ಅಷ್ಟೆ. ತಿಪ್ಪವ್ವ ದೃಷ್ಟಿ ತೆಗೆದಳು, ರೊಟ್ಟಿ ಬಡಿದಳು. ಮಗ ಮಾತಾಡುತ್ತಿದ್ದ, ಕಟ್ಟಿಗೆ ಒಡೆಯುತ್ತಿದ್ದ. ನೀರಿನ ಲೋಟ ಎತ್ತಿ ಬಾಯಿಗಿಟ್ಟು ಕೆಳಗಿಟ್ಟರೆ ಮಾತ್ರ, ನೀರು ಇದ್ದಷ್ಟೇ ಇರುತ್ತಿತ್ತಂತೆ. ದಿನ ಹೋದಂತೆ ಅವನ ತುಟಿ ಕೆರೆಯ ತಳದಂತೆ ಬಿರಿಯಿತು.

ಸಂಜೆ ಸಂಜೆ ಅವನು ಮೌಲಪ್ಪನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಒಳಗೆ ಬಾ ಅಂದರೆ ಬರುತ್ತಿರಲಿಲ್ಲ.

"ಕಾಕಾ, ನಂದೊಂದು ತಂತಿ ಐತಲ್ಲ ನಿನ್ನ ಹತ್ರ. ಮುಟ್ಟಿಸು. ನೀರಡಿಕಿ ತಡಿಯಾಕ ಆಗವಲ್ದು."

ಮೌಲಪ್ಪ ಬಾಗಿಲು ಹಾಕಿಕೊಳ್ಳುತ್ತಿದ್ದ. ಮುಟ್ಟಿಸಿದರೆ ತಾಯಿಗೆ ಮಗನಿಲ್ಲ. ಮುಟ್ಟಿಸದಿದ್ದರೆ ಮಗನಿಗೆ ನೀರಿಲ್ಲ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮದುವೆಯ ಹಂದರ ಹಾಕುವ ದಿನ ಬೆಳಗ್ಗೆ ಲಕೋಟೆ ತೆಗೆದುಕೊಂಡು ಹೋಗಿ ತಿಪ್ಪವ್ವನ ಕಟ್ಟೆಯ ಮೇಲೆ ಕೂತ. ಆಕೆ ನೀರು ತಂದಿಟ್ಟಳು. ಅವನು ನೆಲ ನೋಡಿದ.

ತಿಪ್ಪವ್ವ ಅಳಲಿಲ್ಲ ಅಂತಾರೆ.

"ಅವತ್ತು ನೀರು ಕುಡದಿ, ಬೆಲ್ಲ ಮುಟ್ಟಲಿಲ್ಲ, ಮೌಲಣ್ಣ" ಅಂದಳು. "ನಂಗೂ ಗೊತ್ತಿತ್ತು. ಸ್ವಲ್ಪ ದಿನ ಇರ್ಲಿ ಅಂತ ನಾನೂ ಸುಮ್ನಿದ್ದೆ. ಕೂಸಿನ ತುಟಿ ನೋಡಾಕಾಗವಲ್ದು. ಬಾಯಿಬಿಟ್ಟು ಹೇಳಿಬಿಡು."

ಮೌಲಪ್ಪ ಮೊದಲ ಸಲ ಬಾಯಿಬಿಟ್ಟು ಹೇಳಿದ. ನಿನ್ನ ಮಗ ಯಂಕೋಬ ತೀರಿಕೊಂಡಾನ ಯವ್ವಾ ಅಂದ. ಹೊಸ್ತಿಲಲ್ಲಿ ನಿಂತಿದ್ದ ಯಂಕೋಬ ಬಗ್ಗಿ, ಮೌಲಪ್ಪನ ಮುಂದಿದ್ದ ಲೋಟ ಎತ್ತಿದ. ಗಂಟಲಿಗೆ ನೀರಿಳಿಯುವ ಸದ್ದು ಓಣಿಯ ತುದಿಗೂ ಕೇಳಿಸಿತಂತೆ. ಆಮೇಲೆ ಕಟ್ಟೆಯ ಮೇಲೆ ಖಾಲಿ ಲೋಟವೊಂದೇ ಇತ್ತು.

ಅಲ್ಲಿಂದ ಮುಂದೆ ಮೌಲಪ್ಪ ಯಾರ ಮನೆಯಲ್ಲೂ ನೀರು ಮುಟ್ಟಲಿಲ್ಲ. ಒಂದು ದಿನ ಕಂಬದ ಸಾಲು ಹಿಡಿದು ನಡೆಯುತ್ತ ಹೋದವನು ತಿರುಗಿ ಬರಲಿಲ್ಲ. ಹೊಳೆದಂಡೆಯ ಕಂಬದ ಬುಡಕ್ಕೆ ಅವನ ಚೀಲ ಸಿಕ್ಕಿತು. ಅವನ ಬಗ್ಗೆ ಒಂದು ತಂತಿಯೂ ಬರಲಿಲ್ಲ. ಸುದ್ದಿ ಬರದೆ ಸೂತಕ ಹೇಗೆ ಹಿಡಿಯುವುದು? ಊರು ವರ್ಷಗಟ್ಟಲೆ ಕಾಯಿತು. ಕಾಯುತ್ತಿದ್ದಂತೆಯೇ ಸರ್ಕಾರ ತಂತಿ ಸೇವೆಯನ್ನೇ ನಿಲ್ಲಿಸಿತು. ಇನ್ನು ಬರುವ ದಾರಿಯೂ ಮುಚ್ಚಿತು. ಅವತ್ತು ಕಡವಿನಾಳದವರು ಆ ಕಂಬದ ಬುಡಕ್ಕೆ ಒಂದು ಲೋಟ ನೀರಿಟ್ಟರು. ಪ್ರತಿ ವರ್ಷ ಅದೇ ದಿನ ಇಡುತ್ತ ಬಂದರು. ಗಾಳಿ ಬೀಸಲಿ, ಕಾಗೆ ಬಂದು ಕೂರಲಿ, ಸಂಜೆಗೆ ಲೋಟ ತುಂಬಿಯೇ ಇರುತ್ತಿತ್ತಂತೆ.

ಈಚಿನ ಒಂದು ವರ್ಷ, ಅದೇ ದಿನಕ್ಕೆ, ಯೂಟ್ಯೂಬ್ ಚಾನೆಲ್ಲಿನ ಒಬ್ಬ ಕ್ಯಾಮೆರಾ ಹಿಡಿದು ಬಂದ. ಹೊಸ ಫೋನು ಬಂದಾಗ ಅದರ ಗುಣದೋಷ ಹೇಳುವವನು. ಯಂತ್ರಗಳ ಹುಟ್ಟುಹಬ್ಬ, ಪುಣ್ಯತಿಥಿ ಅಂತ ಅದೂ ಇದೂ ಹೇಳುವವನು. ತಂತಿ ನಿಂತ ದಿನದ ನೆನಪು ಮಾಡೋಣ ಅಂತ ಬಂದಿದ್ದ. ಕಂಬದ ಮುಂದೆ ನಿಂತು, ಅವತ್ತೇ ಬಿಡುಗಡೆಯಾದ ಫೋನಿನ ಬಗ್ಗೆ ಎರಡು ಮಾತಾಡಿ, ಆಮೇಲೆ ಈ ಕಥೆಗೆ ಬಂದ. ಊರವರು ಯಾರೂ ಇದುವರೆಗೆ ಆಡದ ಮಾತನ್ನು ಸಲೀಸಾಗಿ ಆಡಿದ. "ತಂತಿ ಮೌಲಪ್ಪ ತೀರಿಕೊಂಡ, ಸ್ನೇಹಿತರೇ" ಅಂದ.

ಆ ವಿಡಿಯೊ ನೀವೂ ನೋಡಿರಬಹುದು. ಮಾತಿಗೆ ಮೊದಲು ಅವನ ಹಿಂದೆ ಲೋಟ ತುಂಬಿದೆ. ಮಾತು ಮುಗಿದಾಗ ಖಾಲಿ. ನಡುವೆ ಯಾರೂ ಬಂದಿಲ್ಲ. ಕತ್ತರಿಸಿ ಅಂಟಿಸಿದ್ದು ಅಂತ ಕೆಳಗೆ ಜನ ಜಗಳಾಡಿದ್ದಾರೆ.

ಕಡವಿನಾಳದವರು ಜಗಳಾಡಲಿಲ್ಲ. ಫೋನು ಮನೆಯಲ್ಲಿಟ್ಟು, ಮಕ್ಕಳು ಮುದುಕರು ಎಲ್ಲ ಹೊಳೆಗಿಳಿದು ಸಾವಿನ ಸ್ನಾನ ಮಾಡಿ ಬಂದರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದರು. ಇಟ್ಟ ಕೈಗಳು ಸುಮ್ಮನಿರಬೇಕಲ್ಲ, ಮರುವರ್ಷವೂ ಲೋಟ ತೊಳೆದು, ತುಂಬಿ, ಕಂಬದ ಬುಡಕ್ಕಿಟ್ಟರು. ಬಿಸಿಲಿಗೆ ಕಲ್ಲು ಕಾಯ್ದಿತ್ತು. ಗುಬ್ಬಿಗಳು ಅಂಚಿಗೆ ಕೂತು ಕೊಕ್ಕು ಅದ್ದಿ ಹೋದವು.

ಸಂಜೆ ಹೋಗಿ ನೋಡಿದರೆ, ನೀರು ಇಟ್ಟಷ್ಟೇ ಇತ್ತು. ಮೌಲಪ್ಪನ ನೀರಡಿಕೆ ತೀರಿತ್ತಲ್ಲ, ಇನ್ನು ಯಾರ ಸುದ್ದಿ ಯಾವ ಮನೆಗೆ ಮುಟ್ಟುವುದು ಉಳಿದಿದೆಯೋ. ಅವತ್ತಿನಿಂದ ಆ ಊರಿನಲ್ಲಿ ಫೋನು ಗುಂಯ್ ಅಂದರೆ, ತೆರೆದು ನೋಡುವ ಮೊದಲು ಒಂದು ಲೋಟ ನೀರು ತಂದು ಹೊಸ್ತಿಲ ಹೊರಗೆ ಇಡುತ್ತಾರೆ.