ಮಂಗಳವಾರದ ಕತ್ತಿ

“ಗುರುಗಳೇ, ಇನ್ನೂ ಎಷ್ಟು ಬಿಗಿ ಮಾಡಲಿ?”

ಕೇಳಿದವನು ಗವಿಸಿದ್ಧ. ಮಠದ ಶಿಷ್ಯರ ಶಿಸ್ತು ನೋಡಿಕೊಳ್ಳುವ ಹೊಣೆ ಅವನದು. ದಾಸೋಹದ ಅಡುಗೆ ಮಾಡುವ ಪಂಪಣ್ಣ ಬೆಳಗಿನ ಪಾಠದಲ್ಲಿ ತೂಕಡಿಸುತ್ತಿದ್ದ. ಒಬ್ಬನಿಗೊಂದು ನಿಯಮ, ಉಳಿದವರಿಗೆ ಇನ್ನೊಂದು ಆಗಬಾರದೆಂದು ಗವಿಸಿದ್ಧ ಎಲ್ಲರ ಮಧ್ಯಾಹ್ನದ ವಿಶ್ರಾಂತಿಯನ್ನೂ ತೆಗೆದ. ಪಾಠವನ್ನು ಇನ್ನಷ್ಟು ಬೇಗ ಇಟ್ಟ. ಆಮೇಲೆ ನಿಂತೇ ಓದಬೇಕೆಂದ. ಇಬ್ಬರು ಗಂಟು ಕಟ್ಟಿಕೊಂಡು ಊರಿಗೆ ಹೋದರು. ಉಳಿದವರೂ ಹೊರಡುವ ಮಾತಾಡುತ್ತಿದ್ದರು. ಹೀಗೇ ಆದರೆ ಪಾಠವೇ ನಿಲ್ಲುವಂತಿತ್ತು. ಇದೆಲ್ಲವನ್ನೂ ಗುರುಗಳಿಗೆ ಒಪ್ಪಿಸಿದ. ಇವತ್ತು ಬೆಳಿಗ್ಗೆ ಪಾಠದಲ್ಲಿ ಕಂಬಕ್ಕೆ ಒರಗಿದ್ದ ತನ್ನ ಕೈಯಿಂದ ಪುಸ್ತಕ ಜಾರಿ ಬಿದ್ದಾಗಲೇ ತನಗೆ ಎಚ್ಚರವಾದದ್ದನ್ನು ಮಾತ್ರ ಗವಿಸಿದ್ಧ ಹೇಳಲಿಲ್ಲ.

“ಸಾಕಾಗಿಹೋಗಿದೆ. ಆದರೆ ನಿಯಮ ನಿಯಮವೇ ಅಲ್ಲವೇ?”

“ನಿಯಮವೇ. ಕೂತುಕೋ, ಇದನ್ನು ನಿಂತು ಕೇಳಬೇಕಾಗಿಲ್ಲ,” ಎಂದು ಗುರುಗಳು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಹಳೆಯ ಜರ್ಮನ್ ಕ್ಷೌರದ ಕತ್ತಿಗಳೆಂದರೆ ಅವನಿಗೆ ಪ್ರಾಣ. ಬಹಳ ಹುಡುಕಿ ಒಂದು ಪೆಟ್ಟಿಗೆ ಸಂಪಾದಿಸಿದ. ಒಳಗೆ ಏಳು ಕತ್ತಿ, ದಿನಕ್ಕೊಂದು. ಒಂದು ದಿನ ದುಡಿದ ಉಕ್ಕು ವಾರವೆಲ್ಲ ದಣಿವಾರಿಸಿಕೊಳ್ಳಬೇಕು ಎನ್ನುವುದು ಹಿಂದಿನವರ ನಂಬಿಕೆ. ಪ್ರತಿ ಕತ್ತಿಯ ಬೆನ್ನಿನ ಮೇಲೆ ಆಯಾ ದಿನದ ಹೆಸರು ಕೊರೆದಿತ್ತು. ಅಲಗು ಎಷ್ಟು ತೆಳುವೆಂದರೆ, ಉಗುರಿನಿಂದ ಮೀಟಿದರೆ ಹಾಡುತ್ತಿತ್ತು. ಕೆನ್ನೆಯ ಮೇಲೆ ಎಳೆದುಕೊಳ್ಳುವಾಗ ವ್ಯಾಪಾರಿ ಕಣ್ಣು ಮುಚ್ಚಿ ಆ ಸದ್ದು ಕೇಳುತ್ತಿದ್ದ. ಅವನ ಬದುಕಿನಲ್ಲಿ ಇದ್ದ ಸುಖ ಅದೊಂದೇ.

ಮಂಗಳವಾರದ ಕತ್ತಿಯಲ್ಲಿ ಎಳ್ಳಿನಷ್ಟು ಮುಕ್ಕಿತ್ತು. ಅದು ಅವನ ಕಣ್ಣಿಗೆ ಚುಚ್ಚತೊಡಗಿತು. ಸಾಣೆಕಲ್ಲು ತಂದ.

“ಅಲ್ಲ, ಮಂಗಳವಾರ ನಮ್ಮ ಮನೆಯಲ್ಲಿ ಯಾರು ಗಡ್ಡ ಹೆರೆದುಕೊಳ್ಳುತ್ತಾರೆ?” ಎಂದಳು ಹೆಂಡತಿ. “ನಿಮ್ಮಪ್ಪನವರೂ ಮಾಡಿದವರಲ್ಲ, ನೀವೂ ಮಾಡಿದವರಲ್ಲ.”

“ಹೆರೆಯುವ ಮಾತಲ್ಲ ಕಣೇ. ಅದು ಸರಿ ಇರಬೇಕು.”

“ಆ ಮುಕ್ಕಿನ ಜೊತೆಗೇ ಜರ್ಮನಿಯವನು ಸಂಸಾರ ಮಾಡಿದ. ನಿಮಗೆ ಮಾತ್ರ ಆಗದು,” ಎಂದು ಅವಳು ಒಳಗೆ ಹೋದಳು.

ಮುಕ್ಕು ಹೋಗಬೇಕಾದರೆ ಅಲಗಿನ ಉದ್ದಕ್ಕೂ ಅಷ್ಟೇ ಉಕ್ಕು ಹೋಗಬೇಕು. ಮಸೆದ. ಮುಕ್ಕು ಹೋಯಿತು. ಆದರೆ ಮಂಗಳವಾರ ಈಗ ಮಿಕ್ಕವುಗಳಿಗಿಂತ ಕಿರಿದಾಯಿತು. ಪೆಟ್ಟಿಗೆಯಲ್ಲಿ ಸಾಲು ಕೆಟ್ಟಿತು. ಅದನ್ನೂ ತಾಳಲಾರದೆ ಬುಧವಾರವನ್ನು ಮಸೆದ. ಅದು ಕೂದಲೆಳೆಯಷ್ಟು ಹೆಚ್ಚು ಸವೆಯಿತು. ಹಾಗಾಗಿ ಗುರುವಾರ, ಶುಕ್ರವಾರ, ಮತ್ತೆ ಮಂಗಳವಾರ. ತೋಳು ಸೋತರೂ ಬಿಡಲಿಲ್ಲ.

ಕೊನೆಗೊಂದು ದಿನ ಏಳೂ ಸಮನಾದವು. ಮೀಟಿದ. ಯಾವುದೂ ಹಾಡಲಿಲ್ಲ. ತೆಳುವಾದ ಭಾಗವೆಲ್ಲ ಕಲ್ಲಿಗೆ ಹೋಗಿ ದಪ್ಪ ಉಕ್ಕು ಉಳಿದಿತ್ತು. ಕೆನ್ನೆಗೆ ಇಟ್ಟರೆ ಕೂದಲು ಕಿತ್ತುಕೊಂಡು ಬರುತ್ತಿತ್ತು. ಉಜ್ಜಿ ಉಜ್ಜಿ ಬೆನ್ನಿನ ಮೇಲಿನ ಹೆಸರುಗಳೂ ಅಳಿಸಿಹೋಗಿದ್ದವು.

ಅವನಂಥದೇ ಹುಚ್ಚಿನ ಗೆಳೆಯನೊಬ್ಬ ನೋಡಲು ಬಂದ. “ಮುಕ್ಕಿದ್ದದ್ದು ಯಾವುದಯ್ಯಾ?” ಎಂದ. ವ್ಯಾಪಾರಿ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದ. ಎಲ್ಲವನ್ನೂ ನೋಡಿ ಮುಗಿಸಿ ಪೆಟ್ಟಿಗೆ ಮುಚ್ಚಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಆಮೇಲೆ?” ಎಂದ ಗವಿಸಿದ್ಧ.

“ಆಮೇಲೇನು, ಗಡ್ಡ ಬಿಟ್ಟ. ಅದಿರಲಿ, ಇವತ್ತು ಪಾಠದಲ್ಲಿ ಪಂಪಣ್ಣ ತೂಕಡಿಸಿದನೇ?”

ಗವಿಸಿದ್ಧನಿಗೆ ಗೊತ್ತಿರಲಿಲ್ಲ.