ಬಂಗಾರಕ್ಕನ ಒಂಬತ್ತು ಓಲೆಯ ಯೋಜನೆ

ಮಕ್ಕಳೇ, ಹೊನ್ನೆಹಳ್ಳದ ಕಾಡಿನ ನಟ್ಟನಡುವೆ ಒಂದು ತಾರೆ ಮರವಿತ್ತು. ಎಂಟು ಆನೆಗಳು ಸೊಂಡಿಲಿಗೆ ಸೊಂಡಿಲು ಸೇರಿಸಿ ನಿಂತರೂ ಅದರ ಬುಡ ಸುತ್ತಲು ಆಗುತ್ತಿರಲಿಲ್ಲ. ಹೋಗಲಿ, ಏಳು ಆನೆ ಅಂತಲೇ ಇಟ್ಟುಕೊಳ್ಳಿ. ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ ಅಂತ ನಿಮಗೆ ಗೊತ್ತೇ ಇದೆಯಲ್ಲ.

ಆ ಮರದಲ್ಲಿ, ಕತ್ತೆತ್ತಿ ನೋಡಿದರೆ ಕುತ್ತಿಗೆ ನೋಯುವಷ್ಟು ಎತ್ತರದಲ್ಲಿ, ಒಂದು ದೊಡ್ಡ ಪೊಟರೆ. ಪೊಟರೆಯ ತುಂಬಾ ತಾಳೆಗರಿಯ ಓಲೆಗಳು. ಯಾವ ಸೊಪ್ಪು ಯಾವ ಗಾಯಕ್ಕೆ, ಯಾವ ಬೇಸಿಗೆಯಲ್ಲಿ ಏನೇನಾಯಿತು, ಯಾವ ಅಜ್ಜ ಯಾವ ಹುಲಿಯಿಂದ ಹೇಗೆ ತಪ್ಪಿಸಿಕೊಂಡ, ಎಲ್ಲವನ್ನೂ ಏಳು ತಲೆಮಾರಿನಿಂದ ಗೀಚಿ ಇಟ್ಟಿದ್ದರು. ನಿಮ್ಮೂರಿನಲ್ಲಿ ಲೈಬ್ರರಿ ಅಂತೀರಲ್ಲ, ಅದನ್ನು ಅಲ್ಲಿ ಓಲೆಮನೆ ಅನ್ನುತ್ತಿದ್ದರು.

ಓಲೆಮನೆಯನ್ನು ನೋಡಿಕೊಳ್ಳುತ್ತಿದ್ದವಳು ಬಂಗಾರಕ್ಕ ಎಂಬ ಮಂಗಟ್ಟೆ ಹಕ್ಕಿ. ಕೊಕ್ಕಿನ ಮೇಲೆ ಹಳದಿ ಕಿರೀಟ ಹೊತ್ತ ದೊಡ್ಡ ಹಕ್ಕಿ ಅದು. ಅವಳ ಅಮ್ಮ, ಅಜ್ಜಿ, ಮುತ್ತಜ್ಜಿ ಎಲ್ಲರೂ ಅದೇ ಪೊಟರೆಯಲ್ಲಿ ಕೂತು ಓಲೆ ಕಾದವರು. ಬಂಗಾರಕ್ಕನಿಗೆ ಆ ಹೆಮ್ಮೆ ಕಿರೀಟಕ್ಕಿಂತ ಒಂದು ಗೇಣು ಮೇಲೇ ಇತ್ತು.

"ಇಡೀ ಸೀಮೆಯಲ್ಲಿ ಇಂಥ ಓಲೆಮನೆ ಇನ್ನೊಂದಿಲ್ಲ," ಎಂದು ದಿನವೂ ಗಂಡ ಹೂವಣ್ಣನಿಗೆ ಹೇಳುವಳು.

"ಇಲ್ಲ ಬಿಡು," ಎನ್ನುವನು ಹೂವಣ್ಣ. "ಆದರೆ ಬರೋರು ಯಾರೂ ಇಲ್ವಲ್ಲ?"

"ಬರೋದು ಬಿಡೋದು ಅವರ ಹಣೆಬರಹ. ನನ್ನ ಬಾಗಿಲಂತೂ ತೆರೆದೇ ಇದೆ."

ಬಾಗಿಲು ತೆರೆದಿತ್ತು, ನಿಜ. ರೆಕ್ಕೆ ಇಲ್ಲದವರು ಅಷ್ಟೆತ್ತರದ ಬಾಗಿಲಿಗೆ ಹೇಗೆ ಬರಬೇಕು ಎನ್ನುವುದು ಮಾತ್ರ ರೆಕ್ಕೆ ಇದ್ದ ಬಂಗಾರಕ್ಕನಿಗೆ ಯಾವತ್ತೂ ಹೊಳೆದಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಕಾಡಿನ ಹಿರಿಯ ಕಾಟಜ್ಜ ಮರದ ಬುಡಕ್ಕೆ ಬಂದ. ಕಾಟಜ್ಜ ಎಂದರೆ ಮುದಿ ಕಾಡುಕೋಣ. ಅವನ ಮಾತು ಮೀರುವವರು ಕಾಡಿನಲ್ಲಿ ಇರಲಿಲ್ಲ. ಅವನ ಹಿಂದೆಯೇ ಕುಣಿಯುತ್ತಾ ಬಂದದ್ದು ಕೆಂದಳಿಲು ಕೆಂಚಪ್ಪ.

"ಬಂಗಾರಕ್ಕ," ಎಂದ ಕಾಟಜ್ಜ, "ಈ ಪೊಟರೆ ತನಗೆ ಬೇಕು, ಕಾಯಿ ತುಂಬಿಡೋಕೆ ಅಂತ ಕೆಂಚಪ್ಪ ಕೇಳ್ತಿದ್ದಾನೆ. ಓಲೆಮನೆಗೆ ಒಂದು ನರಪಿಳ್ಳೆಯೂ ಬರಲ್ಲ ಅಂತಾನೆ. ನಿಜವಾ?"

"ಅಯ್ಯೋ ಅಜ್ಜ! ಏಳು ತಲೆಮಾರಿನ ಓಲೆ ತೆಗೆದು ಕಾಯಿ ತುಂಬೋದಾ?" ಎಂದಳು ಬಂಗಾರಕ್ಕ.

"ಯಾರೂ ಮುಟ್ಟದ ಓಲೆಗಿಂತ ಎಲ್ಲರೂ ತಿನ್ನೋ ಕಾಯಿ ವಾಸಿ," ಎಂದು ಕೆಂಚಪ್ಪ ಬಾಲ ಕುಣಿಸಿದ.

ಕಾಟಜ್ಜ ಮರದ ಬುಡದ ಕಾಲುದಾರಿಯನ್ನು ನೋಡಿದ. ಎಲೆ ಉದುರುವ ಕಾಲ. ದಾರಿಯ ಮೇಲೆ ತರಗೆಲೆ ಮೊಣಕಾಲುದ್ದ ಬಿದ್ದಿತ್ತು.

"ಮುಂಗಾರಿನ ಮೊದಲ ಹನಿ ಬೀಳೋ ದಿನ ಮತ್ತೆ ಬರ್ತೀನಿ," ಎಂದ. "ಈ ದಾರಿ ತರಗೆಲೆಯಿಂದ ಮುಚ್ಚಿದ್ದರೆ ಪೊಟರೆ ಕೆಂಚಪ್ಪನಿಗೆ. ನಾಲ್ಕು ಕಾಲು ಓಡಾಡಿ ಮಣ್ಣು ಕಾಣ್ತಿದ್ದರೆ ಓಲೆಮನೆಗೆ. ಇಷ್ಟೇ ನನ್ನ ಮಾತು."

ಕಾಟಜ್ಜ ಹೋದ ಮೇಲೆ ಹೂವಣ್ಣ ಮೆಲ್ಲಗೆ, "ನಾವೇ ರೆಕ್ಕೆ ಬೀಸಿ ದಾರಿ ಗುಡಿಸಿಬಿಡೋಣವಾ?" ಎಂದ.

"ಛೀ! ನಮ್ಮ ಮನೆತನದವರು ಅಂಥ ಕೆಲಸ ಮಾಡಲ್ಲ," ಎಂದಳು ಬಂಗಾರಕ್ಕ. "ಕಾಡಿಗೆ ಕಾಡೇ ಓಡಿ ಬರೋ ಹಾಗೆ ಒಂದು ಯೋಜನೆ ಹಾಕ್ತೀನಿ, ನೋಡ್ತಾ ಇರಿ. ಹೋಗಿ, ಮೊದಲು ಒಳ್ಳೇ ಕೆಸರು ತನ್ನಿ."

ಕೆಸರು ಯಾಕೆ ಅಂತೀರಾ? ಮಂಗಟ್ಟೆಗಳಲ್ಲಿ ಒಂದು ಪದ್ಧತಿ ಇದೆ. ಮೊಟ್ಟೆ ಇಡುವ ಕಾಲಕ್ಕೆ ತಾಯಿ ಪೊಟರೆಯೊಳಗೆ ಕೂತು ಬಾಗಿಲಿಗೆ ಕೆಸರು ಮೆತ್ತಿಕೊಳ್ಳುತ್ತಾಳೆ. ಕೊಕ್ಕಿನ ತುದಿ ಹೊರಬರುವಷ್ಟು ಸೀಳು ಮಾತ್ರ ಬಿಡುತ್ತಾಳೆ. ಗಂಡ ಆ ಸೀಳಿನಿಂದ ಹಣ್ಣು ಕೊಡುತ್ತಾನೆ. ಮರಿ ಬಲಿತ ಮೇಲೆಯೇ ಗೋಡೆ ಒಡೆಯುವುದು. ಯೋಜನೆಯೂ ಮೊಟ್ಟೆಯಷ್ಟೇ ನಾಜೂಕು, ಹೀಗೇ ಕಾವು ಕೊಡಬೇಕು ಎಂದುಕೊಂಡಳು ಬಂಗಾರಕ್ಕ.

ಹೂವಣ್ಣ ಕೆಸರು ತಂದ. ತಂದವನು ತಲೆ ಕೆರೆದುಕೊಂಡ. "ಅಲ್ಲ ಕಣೇ, ಯೋಜನೆ ಕಾಡಿನವರಿಗೆ ತಾನೇ? ಅವರನ್ನು ಒಂದು ಮಾತು ಕೇಳಬಾರದಾ?"

"ಮೊಟ್ಟೆ ಇಡೋವಾಗ ಊರವರನ್ನೆಲ್ಲ ಕೇಳಿ ಇಡ್ತಾರಾ?" ಎಂದವಳೇ ಬಂಗಾರಕ್ಕ ಬಾಗಿಲು ಮೆತ್ತಿಕೊಂಡಳು.

ಒಳಗೆ ಕೆಲಸ ಜೋರಾಗಿ ಸಾಗಿತು. ಕೊಕ್ಕಿನ ತುದಿಯಿಂದ ಕರಕರ ಗೀಚುವುದು, ಅತ್ತಿ ಹಣ್ಣು ನುಂಗುವುದು, ಮತ್ತೆ ಗೀಚುವುದು. ಮೂರನೆಯ ದಿನ ಕೆಳಗಿನಿಂದ ಯಾರೋ ಕೂಗಿದರು.

"ಬಂಗಾರಕ್ಕಾ! ನಾನು ಗೌರವ್ವ, ಜಿಂಕೆ. ಹಳ್ಳ ಇದೆಯಲ್ಲಾ ಅಕ್ಕಾ, ಅದು..."

"ಶ್!" ಸೀಳಿನಿಂದ ಕೊಕ್ಕು ಹೊರಬಂತು. "ಇಲ್ಲಿ ಕಾಡಿನವರನ್ನು ಓಲೆಮನೆಗೆ ಬರಮಾಡಿಕೊಳ್ಳೋ ಯೋಜನೆ ನಡೀತಿದೆ. ಗಲಾಟೆ ಮಾಡಬೇಡಿ. ಮುಗಿದ ಮೇಲೆ ಬನ್ನಿ!"

ಗೌರವ್ವ ಸ್ವಲ್ಪ ಹೊತ್ತು ನಿಂತು ಹೊರಟುಹೋದಳು. ಎಂಟನೆಯ ದಿನ ಮತ್ತೆ ಬಂದಳು, ಈ ಸಲ ಎರಡು ಮುಂಗುಸಿಗಳೂ ಜೊತೆಗಿದ್ದವು. "ಶ್!" ಎಂದಿತು ಸೀಳು. ಹನ್ನೆರಡನೆಯ ದಿನ ಆಮೆ ಕಲ್ಲಜ್ಜಿ ಬಂದಳು. ಪಾಪ, ಅವಳು ಮನೆ ಬಿಟ್ಟು ಎರಡು ದಿನವಾಗಿತ್ತು. ಅವಳಿಗೂ "ಶ್!"

"ಕೆಳಗೆ ಬಂದಿದ್ದವರು..." ಎಂದು ಹೂವಣ್ಣ ಹಣ್ಣು ಕೊಡುತ್ತಾ ಬಾಯಿ ತೆರೆದ.

"ನಿಮಗೂ ಶ್!" ಎಂದಳು ಬಂಗಾರಕ್ಕ.

ಇಪ್ಪತ್ತನೆಯ ದಿನ ಗೋಡೆ ಒಡೆದು ಹೊರಬಂದಳು. ಕೊಕ್ಕಿನಲ್ಲಿ ಒಂಬತ್ತು ಓಲೆ, ಕಣ್ಣಲ್ಲಿ ಹೊಳಪು. ಎತ್ತರದ ಕೊಂಬೆಯ ಮೇಲೆ ಕೂತು ಇಡೀ ಕಾಡಿಗೆ ಕೇಳುವಂತೆ ಓದಿದಳು.

"ಸೋಮವಾರ, ಆನೆಗಳಿಗೆ ಸೊಂಡಿಲಿನ ಸ್ವಚ್ಛತೆ ಕುರಿತು ಉಪನ್ಯಾಸ! ಮಂಗಳವಾರ, ಕಪ್ಪೆಗಳಿಗೆ ಮೌನಾಭ್ಯಾಸ! ಬುಧವಾರ, ಆಮೆಗಳಿಗೆ ಚುರುಕು ನಡಿಗೆ! ಗುರುವಾರ, ಜಿಂಕೆಗಳಿಗೆ ಗಾಬರಿಯಾಗದಿರುವುದು ಹೇಗೆ! ಎಲ್ಲರೂ ತಪ್ಪದೆ ಮೇಲೆ ಬರಬೇಕು!"

ಸೋಮವಾರ ಯಾರೂ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ತರಗೆಲೆಯಲ್ಲಿ ಸರಸರ ಸದ್ದಾಯಿತು. ಬಂಗಾರಕ್ಕ ಎದೆ ಉಬ್ಬಿಸಿ ಬಗ್ಗಿ ನೋಡಿದರೆ, ಬರೀ ಗಾಳಿ. ಗುರುವಾರ ಕೆಂಚಪ್ಪ ಬಂದ. ಉಪನ್ಯಾಸ ಕೇಳಲು ಅಂತ ತಿಳಿದಿರಾ? ಪೊಟರೆಯಲ್ಲಿ ಎಷ್ಟು ಕಾಯಿ ಹಿಡಿಯುತ್ತದೆ ಎಂದು ಬಾಲದಿಂದ ಅಳೆಯಲು!

ಬಂಗಾರಕ್ಕನಿಗೆ ಮೈಯೆಲ್ಲ ಉರಿಯಿತು. "ಈ ಕಾಡಿಗೆ ಓದಿನ ಬೆಲೆಯೇ ಗೊತ್ತಿಲ್ಲ! ಇವರಿಗೋಸ್ಕರ ಇಪ್ಪತ್ತು ದಿನ ಕತ್ತಲಲ್ಲಿ ಕೂತೆ. ಒಬ್ಬರಾದರೂ ಬಂದರಾ?"

"ಬಂದಿದ್ದರು," ಎಂದ ಹೂವಣ್ಣ.

"ಯಾವಾಗ?"

"ನೀನು ಅವರನ್ನು ಕರೆಯೋದು ಹೇಗೆ ಅಂತ ಒಳಗೆ ಕೂತು ಬರೀತಿದ್ದೆಯಲ್ಲ, ಆವಾಗ. ಗೌರವ್ವ ಎರಡು ಸಲ ಬಂದಳು. ಮುಂಗುಸಿಗಳು ಬಂದವು. ಕಲ್ಲಜ್ಜಿ ಎರಡು ದಿನ ನಡೆದು ಬಂದಳು. ಅಷ್ಟೂ ಜನಕ್ಕೆ ನೀನು ಶ್ ಅಂದೆ."

ಬಂಗಾರಕ್ಕ ಕೆಳಗೆ ನೋಡಿದಳು. ದಾರಿ ಪೂರ್ತಿ ತರಗೆಲೆಯಡಿ ಮುಚ್ಚಿಹೋಗಿತ್ತು. ಪಡುವಣದಲ್ಲಿ ಆಗಲೇ ಒಂದು ತುಣುಕು ಮೋಡ ಕಾಣುತ್ತಿತ್ತು. ಏಳು ತಲೆಮಾರಿನ ಓಲೆಮನೆ ತನ್ನ ಕೈಯಲ್ಲೇ ಮುಗಿಯುತ್ತದಲ್ಲಾ ಎಂದು ಅವಳಿಗೆ ಅಳು ಬಂತು. ಅತ್ತಳು ಕೂಡ.

"ಅವರು ಏನು ಕೇಳೋಕೆ ಬಂದಿದ್ದರು?" ಎಂದಳು ಕೊನೆಗೆ.

"ನನ್ನನ್ನು ಯಾಕೆ ಕೇಳ್ತೀಯ? ಅವರನ್ನೇ ಕೇಳು."

ಮಂಗಟ್ಟೆ ನೆಲದ ಮೇಲೆ ನಡೆಯುವುದು ನೋಡಲು ಚೆಂದವಲ್ಲ. ಎರಡೂ ಕಾಲು ಜೋಡಿಸಿ ಧುಪ್ ಧುಪ್ ಎಂದು ನೆಗೆಯಬೇಕು. ಅದಕ್ಕೇ ಬಂಗಾರಕ್ಕ ಯಾರೆದುರಿಗೂ ನೆಲಕ್ಕೆ ಇಳಿದವಳಲ್ಲ. ಅವತ್ತು ಇಳಿದಳು. ಧುಪ್ ಧುಪ್ ಎಂದು ಹಳ್ಳದವರೆಗೂ ನೆಗೆಯುತ್ತಾ ಹೋದಳು. ಕೊಂಬೆಯ ಮೇಲೆ ಕೆಂಚಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ತಿರುಗಿಯೂ ನೋಡಲಿಲ್ಲ.

ಹಳ್ಳದಲ್ಲಿ ನೀರು ಬತ್ತಿ ಅಂಗೈಯಗಲದ ರಾಡಿ ಉಳಿದಿತ್ತು. ಸುತ್ತ ಜಿಂಕೆಗಳು, ಮುಂಗುಸಿಗಳು, ಕಾಡುಹಂದಿಗಳು ಸೋತು ನಿಂತಿದ್ದವು.

"ಗೌರವ್ವ, ನೀವು ಬಂದಾಗ ನಾನು ಕೇಳಲಿಲ್ಲ. ತಪ್ಪಾಯಿತು," ಎಂದಳು ಬಂಗಾರಕ್ಕ. "ಏನು ಬೇಕಿತ್ತು, ಈಗ ಹೇಳ್ತೀರಾ?"

"ಇನ್ನೇನಕ್ಕಾ, ನೀರು!" ಎಂದಳು ಗೌರವ್ವ. "ಹಿಂದೆಯೂ ಒಂದು ಸಲ ಹೀಗೇ ಹಳ್ಳ ಬತ್ತಿತ್ತಂತೆ. ಆವಾಗ ನೀರು ಎಲ್ಲಿ ಸಿಕ್ಕಿತು ಅಂತ ನಿಮ್ಮ ಓಲೆಯಲ್ಲಿ ಇರಬಹುದು ಅಂತ ಬಂದೆ. ಮರ ಹತ್ತೋಕೆ ನನಗೆ ಬರಲ್ಲ. ಹತ್ತಿದರೂ ಓದೋಕೆ ಬರಲ್ಲ. ಅದಕ್ಕೇ ಕೂಗಿದೆ."

ಬಂಗಾರಕ್ಕ ಬುರ್ರೆಂದು ಹಾರಿದಳು. ಮುತ್ತಜ್ಜಿಯ ಕಾಲದ ಕಟ್ಟು ಬಿಚ್ಚಿ, ಹುಡುಕಿ, ಒಂದು ಓಲೆ ಕಚ್ಚಿಕೊಂಡು ಬಂದು ಎಲ್ಲರ ನಡುವೆ ನೆಲದ ಮೇಲೇ ಕೂತು ಓದಿದಳು. "ಹಳ್ಳ ಬತ್ತಿದ ವರ್ಷ, ಬಿಳಿ ಬಂಡೆಯ ಕೆಳಗಿನ ತಿರುವಿನಲ್ಲಿ ಮರಳು ಅಗೆದೆವು. ಒರತೆ ಸಿಕ್ಕಿತು."

"ಬಿಳಿ ಬಂಡೆಯಾ?" ಕಾಡುಹಂದಿಗಳು ಮುಖ ಮುಖ ನೋಡಿಕೊಂಡವು. "ಈ ಹಳ್ಳದಲ್ಲಿ ಇರೋದೆಲ್ಲ ಕರೀ ಬಂಡೆ."

ಎಲ್ಲರೂ ಬಂಗಾರಕ್ಕನನ್ನು ನೋಡಿದರು. ಅವಳ ಓಲೆಯಲ್ಲಿ ಅದಕ್ಕಿಂತ ಹೆಚ್ಚು ಇರಲಿಲ್ಲ. ಹಿಂದಿನ ಬಂಗಾರಕ್ಕನಾಗಿದ್ದರೆ, ಓಲೆ ಸರಿಯಿದೆ, ನಿಮ್ಮ ಹಳ್ಳವೇ ತಪ್ಪು ಎಂದುಬಿಡುತ್ತಿದ್ದಳೋ ಏನೋ! ಈಗ ಅವಳು ಕೊಕ್ಕು ತಗ್ಗಿಸಿ, "ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?" ಎಂದು ಕೇಳಿದಳು.

ಹಿಂದಿನಿಂದ ಒಂದು ಸಣ್ಣ ದನಿ ಬಂತು. "ನನಗೆ ಗೊತ್ತು." ಕಲ್ಲಜ್ಜಿ! "ನಾನು ಮರಿಯಾಗಿದ್ದಾಗ ಅದು ಬೆಳ್ಳಗೆ ಹೊಳೀತಿತ್ತು. ಪಾಚಿ ಹತ್ತಿ ಹತ್ತಿ ಕಪ್ಪಾಯಿತು. ದಿನಾ ಅದರ ಮೇಲೇ ಕೂತು ಬಿಸಿಲು ಕಾಯಿಸ್ತೀನಲ್ಲ! ಅದರ ಕೆಳಗೆ ನೀರಿದೆ ಅಂತ ನನಗೇನು ಗೊತ್ತು?"

ಕಲ್ಲಜ್ಜಿ ತೋರಿಸಿದ ತಿರುವಿಗೆ ಕಾಡುಹಂದಿಗಳು ನುಗ್ಗಿದವು. ಮೂತಿ ಹಾಕಿ ಮರಳು ಎತ್ತಿದ್ದೇ ಎತ್ತಿದ್ದು. ಮೊದಲು ಒದ್ದೆ ಮರಳು, ಆಮೇಲೆ ಕೆಸರು, ಆಮೇಲೆ ಜುಳುಜುಳು ಎಂದು ತಿಳಿನೀರು! ಮೊದಲು ಗೌರವ್ವನ ಮರಿ ಕುಡಿಯಿತು. ಕೆಂಚಪ್ಪನೂ ಸದ್ದಿಲ್ಲದೆ ಇಳಿದು ಬಂದು ಕುಡಿದು ಹೋದ.

ಅವತ್ತೇ ಬಂಗಾರಕ್ಕ ತನ್ನ ಒಂಬತ್ತು ಓಲೆಗಳ ಯೋಜನೆಯನ್ನು ತಿರುವಿ ಹಾಕಿದಳು. ಹಿಂಬದಿ ಖಾಲಿ ಇತ್ತಲ್ಲ, ಅಲ್ಲಿ ಬರೆಯಲು ಶುರುಮಾಡಿದಳು. ಮೊದಲನೆಯದು, ಬಿಳಿ ಬಂಡೆ ಈಗ ಕಪ್ಪಗಿದೆ, ಹೇಳಿದವರು ಕಲ್ಲಜ್ಜಿ. ತನ್ನ ಹೆಸರು ಓಲೆಗೆ ಏರಿತೆಂದು ಕಲ್ಲಜ್ಜಿ ಮೂರು ದಿನ ಕತ್ತು ಒಳಗೆ ಎಳೆದುಕೊಳ್ಳಲಿಲ್ಲ. ಎರಡನೆಯದು, ಏನು ಮಾಡಬೇಕೆಂದು ಸಿಕ್ಕವರನ್ನೆಲ್ಲ ಕೇಳಿ ಬರೆದದ್ದು. ಓಲೆಗಳು ಕೆಳಗೆ ಬರಬೇಕು ಎಂದವು ಜಿಂಕೆಗಳು. ಯಾರಾದರೂ ಗಟ್ಟಿಯಾಗಿ ಓದಬೇಕು ಎಂದವು ಮುಂಗುಸಿಗಳು. ಕೂರಲು ತಂಪಾದ ಜಾಗ ಬೇಕು ಎಂದವು ಹಂದಿಗಳು. ಸರಿ, ಬಾಗಿಲಿನಿಂದ ಒಡೆದು ಬಿದ್ದಿದ್ದ ಕೆಸರಿನ ಗೋಡೆಯನ್ನು ನೆನೆಸಿ ಕಲಸಿ, ಹಂದಿಗಳು ಇನ್ನಷ್ಟು ಮಣ್ಣು ತಂದು ಸೇರಿಸಿ, ಮರದ ಬುಡದ ಸುತ್ತ ಒಂದು ಜಗಲಿ ಕಟ್ಟಿದರು.

ಬಂಗಾರಕ್ಕ ಕೆಂಚಪ್ಪನನ್ನೂ ಬಿಡಲಿಲ್ಲ. "ನಿನಗೆ ಏನು ಬೇಕಪ್ಪಾ?" ಎಂದಳು.

ಕೆಂಚಪ್ಪ ಬಾಲ ಕಚ್ಚಿಕೊಂಡು ನಿಂತ. "ಕಾಯಿ ಎಲ್ಲಿ ಬಚ್ಚಿಟ್ಟೆ ಅಂತ ನನಗೆ ಮರೆತುಹೋಗುತ್ತೆ ಅಕ್ಕಾ. ಅದಕ್ಕೇ ಎಲ್ಲ ಒಂದೇ ಕಡೆ ಇಡೋಣ ಅಂತ ಪೊಟರೆ ಕೇಳಿದ್ದು."

"ಅಷ್ಟೇನಾ? ಹೇಳ್ತಾ ಹೋಗು, ಬರೆದಿಡ್ತೀನಿ," ಎಂದಳು ಬಂಗಾರಕ್ಕ. ಅವನ ಕಾಯಿಗಳಿಗೇ ಒಂದು ಇಡೀ ಓಲೆ ಮೀಸಲಾಯಿತು. ಅಂದಿನಿಂದ ಓಲೆಗಳನ್ನು ಮೇಲಿನಿಂದ ಇಳಿಸುವುದು, ಮತ್ತೆ ಏರಿಸುವುದು ಕೆಂಚಪ್ಪನದೇ ಕೆಲಸ. ಬೇರೆ ಯಾರಾದರೂ ಓಲೆ ಮುಟ್ಟಿದರೆ ಅವನಿಗೆ ಕೋಪ ಬರುತ್ತಿತ್ತು, ಅಷ್ಟು ಜಂಬ!

ಕೊನೆಗೊಂದು ಮಧ್ಯಾಹ್ನ ಗುಡುಗಿತು. ಟಪ್ ಎಂದು ಮೊದಲ ಹನಿ ಬಿತ್ತು. ಹೇಳಿದ ಮಾತಿನಂತೆ ಕಾಟಜ್ಜ ಬಂದ.

ದಾರಿಯ ಮೇಲೆ ಹುಡುಕಿದರೂ ಒಂದು ತರಗೆಲೆ ಇಡಿಯಾಗಿ ಉಳಿದಿರಲಿಲ್ಲ. ಗೊರಸು, ಪಂಜ, ಆಮೆಯ ಹೊಟ್ಟೆ ಉಜ್ಜಿದ ಗೆರೆ, ಮಂಗಟ್ಟೆಯ ಜೋಡಿ ಕಾಲು, ಎಲ್ಲ ಸೇರಿ ನೆಲ ನುಣ್ಣಗೆ ಕೆಂಪಗೆ ಕಾಣುತ್ತಿತ್ತು. ಜಗಲಿಯ ತುಂಬಾ ಜನ. ಕಪ್ಪೆಗಳಂತೂ ಮೌನಾಭ್ಯಾಸದ ಗೋಜಿಗೇ ಹೋಗದೆ ವಟಗುಟ್ಟುತ್ತಿದ್ದವು.

ಕಾಟಜ್ಜ ಕತ್ತೆತ್ತಿ ಪೊಟರೆ ನೋಡಿದ, ಕತ್ತು ಇಳಿಸಿ ಜಗಲಿ ನೋಡಿದ. ಅವನ ದಪ್ಪ ದನಿ ಮೊಳಗಿತು. "ಭಲೇ! ಯಾರದು ಈ ಓಲೆಮನೆ?"

ಬಂಗಾರಕ್ಕ ಅಭ್ಯಾಸದಂತೆ ಕಿರೀಟ ಎತ್ತಿ, ಕೊಕ್ಕು ತೆರೆದಳು.

"ನಮ್ಮದು!" ಎಂದಳು ಗೌರವ್ವ.

"ನಮ್ಮದು!" ಎಂದವು ಹಂದಿಗಳು, ಮುಂಗುಸಿಗಳು, ಕಪ್ಪೆಗಳು. ಎಲ್ಲರಿಗಿಂತ ಜೋರಾಗಿ ಕೂಗಿದವನು ಕೆಂಚಪ್ಪ. ಎಲ್ಲ ಮುಗಿದ ಮೇಲೆ ನಿಧಾನವಾಗಿ, "ನಮ್ಮದೇ ಕಣಪ್ಪಾ," ಎಂದಳು ಕಲ್ಲಜ್ಜಿ.

ಬಂಗಾರಕ್ಕ ತೆರೆದ ಕೊಕ್ಕನ್ನು ಮೆಲ್ಲಗೆ ಮುಚ್ಚಿಕೊಂಡಳು. ಹೂವಣ್ಣ ಅವಳ ಮುಖ ನೋಡಿದ. ಓಲೆಮನೆ ಅವಳೊಬ್ಬಳದೇ ಆಗಿದ್ದ ಇಷ್ಟು ವರ್ಷದಲ್ಲಿ ಅಷ್ಟು ಹೆಮ್ಮೆಯನ್ನು ಆ ಮುಖದಲ್ಲಿ ಅವನು ಒಂದು ದಿನವೂ ಕಂಡಿರಲಿಲ್ಲ.

ನೀತಿ: ಜನರಿಗಾಗಿ ಮಾಡುವ ಕೆಲಸವನ್ನು ಜನರನ್ನು ಕೇಳಿಯೇ ಶುರುಮಾಡಬೇಕು, ಬಾಗಿಲು ಮುಚ್ಚಿಕೊಂಡು ಹಾಕಿದ ಯೋಜನೆ ಎಷ್ಟೇ ದೊಡ್ಡದಾದರೂ ಯಾರನ್ನೂ ಒಳಗೆ ಕರೆತರುವುದಿಲ್ಲ.