ನೊಣದ ಪರೀಕ್ಷೆ

ಹಾರಾಟ ಶುರು ಮಾಡುವ ಮೊದಲು ಆ ನೊಣ ದಿನವೂ ಗೋಡೆ ಕ್ಯಾಲೆಂಡರಿನ ಹದಿನೇಳನೇ ತಾರೀಖಿನ ಮೇಲಿದ್ದ ಒಂದು ಚುಕ್ಕೆಯಲ್ಲಿ ನಿಂತು ಕೈಕಾಲು ಉಜ್ಜಿಕೊಳ್ಳುತ್ತಿತ್ತು. ಆಮೇಲೆ ತನಗಷ್ಟೇ ಗೊತ್ತಿದ್ದ ಲೆಕ್ಕದ ಪ್ರಕಾರ ತಾರೀಖಿನಿಂದ ತಾರೀಖಿಗೆ ಹಾರುತ್ತಿತ್ತು.

“ನಾನು ಮುಂದೆ ಎಲ್ಲಿ ಕೂರುತ್ತೇನೆಂದು ಯಾರೂ ಹೇಳಲಾರರು, ಹಲ್ಲಿರಾಯರೇ. ಕೂದಲೆಳೆಯಷ್ಟು ಪಕ್ಕದಿಂದ ಹೊರಟರೂ ದಾರಿ ಪೂರ್ತಿ ಬೇರೆ. ಬೇಕಾದರೆ ಪರೀಕ್ಷಿಸಿ,” ಎಂದಿತು ನೊಣ.

“ಆಗಲಿ. ಹೇಳಲು ಆಗದಿದ್ದರೆ ನಿನ್ನನ್ನು ಮುಟ್ಟುವುದಿಲ್ಲ. ಹೇಳಲು ಆದರೆ ತಿನ್ನುತ್ತೇನೆ,” ಎಂದಿತು ಕ್ಯಾಲೆಂಡರಿನ ಹಿಂದಿದ್ದ ಹಲ್ಲಿ.

ಹಲ್ಲಿ ಮುನ್ನೂರು ಹಾರಾಟಗಳನ್ನು ಬರೆದುಕೊಂಡಿತು. ಎಲ್ಲ ತಾರೀಖುಗಳೂ ಹೆಚ್ಚುಕಡಿಮೆ ಸಮವಾಗಿ ಬಂದಿದ್ದವು. ಸಮಸಂಖ್ಯೆಯಾದ ಮೇಲೆ ಬೆಸವೇ ಬರಬೇಕೆಂಬ ಹಟವಿರಲಿಲ್ಲ. ಭಾನುವಾರಗಳ ಮೇಲೆ ವಿಶೇಷ ಪ್ರೀತಿಯೂ ಕಾಣಲಿಲ್ಲ.

“ಪಾಸು,” ಎಂದಿತು ಹಲ್ಲಿ, ಖಾಲಿ ಹೊಟ್ಟೆಯಲ್ಲಿ.

ನೊಣಕ್ಕೆ ಅಷ್ಟು ಸಾಲಲಿಲ್ಲ. “ನಾಳೆ ಇನ್ನೊಮ್ಮೆ ನೋಡಿಬಿಡಿ. ಅದೃಷ್ಟದಿಂದ ಗೆದ್ದೆ ಅನ್ನಬಾರದು ನೋಡಿ.”

ಮರುದಿನ ನೊಣ ಅದೇ ಚುಕ್ಕೆಯಲ್ಲಿ ಕೈಕಾಲು ಉಜ್ಜಿಕೊಂಡು ಹೊರಟಿತು. ಇಪ್ಪತ್ತೆಂಟು, ಆರು, ಹನ್ನೊಂದು. ಹಲ್ಲಿ ನಿನ್ನೆಯ ಪಟ್ಟಿಯನ್ನು ನೋಡಿಕೊಂಡು ಸಾವಕಾಶವಾಗಿ ಇಪ್ಪತ್ತಮೂರರ ಮೇಲೆ ಹೋಗಿ ಕೂತಿತು.

ನೊಣ ಬೆದರಿ ಕೇಳಿತು, “ನನ್ನ ಲೆಕ್ಕ ನಿಮಗೆ ಯಾರು ಹೇಳಿಕೊಟ್ಟರು?”

“ನಿನ್ನ ಲೆಕ್ಕ ನನಗೆ ಇವತ್ತಿಗೂ ತಿಳಿದಿಲ್ಲಪ್ಪ. ನಿನ್ನೆ ಹೊರಟ ಕಡೆಯಿಂದಲೇ ಇವತ್ತೂ ಹೊರಟೆಯಲ್ಲ, ಅಷ್ಟು ಸಾಕು,” ಎಂದು ಹಲ್ಲಿ ಬಾಯಿ ತೆರೆಯಿತು.

ನೊಣಕ್ಕೆ ಬೇರೆ ಕಡೆ ಹಾರುವುದು ಗೊತ್ತಿರಲಿಲ್ಲ. ಲೆಕ್ಕ ಅದನ್ನು ನೇರವಾಗಿ ಇಪ್ಪತ್ತಮೂರಕ್ಕೇ ತಂದಿತು. ತುಂಬಿದ ಬಾಯಿಯ ಒಂದು ಮೂಲೆಯಿಂದ ಸಣ್ಣ ದನಿ ಕೇಳಿಸಿತು:

“ರಾಯರೇ, ನಿನ್ನೆ ನಾನು ಪಾಸಾಗಿದ್ದು ನಿಜ ಅಂತ ಒಂದೇ ಒಂದು ಸಲ ಲೊಚಗುಟ್ಟಿಬಿಡಿ.”